ಎರಡು ಗೆರೆ ಎತ್ತರ

"ಇದನ್ನ ಒಡೆದಿದ್ದು ಯಾರು?"

ಪುಟ್ಟಿ ಕೇಳಿದ ದನಿಗೆ ಲ್ಯಾಬಿನಲ್ಲಿದ್ದವರೆಲ್ಲ ತಲೆಯೆತ್ತಿದರು. ಅವಳ ಮೇಜಿನ ಮೇಲೆ ಪ್ಲಾಸ್ಟರಿನ ದವಡೆಯೊಂದು ಎರಡು ಹೋಳಾಗಿ ಬಿದ್ದಿತ್ತು.

"ನಾನು," ಎಂದ ಮೂಲೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಹೊಸಬ. ಕೆಲಸಕ್ಕೆ ಸೇರಿ ಇನ್ನೂ ಎರಡು ಗಂಟೆ ಆಗಿರಲಿಲ್ಲ, ಮಹಾರಾಯ ಒಡೆಯೋಕೆ ಶುರು ಮಾಡಿದ್ದ.

"ಯಾಕೆ?"

"ಒಸಡಿನ ಹತ್ತಿರ ಗಾಳಿಗುಳ್ಳೆ ಇತ್ತು."

"ಗುಳ್ಳೆ ಇದ್ದರೆ ಮೇಣ ತುಂಬಿ ಸರಿಮಾಡ್ತೀವಿ. ಇಲ್ಲಿ ಎಲ್ಲರೂ ಹಾಗೇ ಮಾಡೋದು. ಯಾರಿಗೂ ಗೊತ್ತಾಗಲ್ಲ."

"ಹಾಕ್ಕೊಳ್ಳೋರಿಗೆ ಗೊತ್ತಾಗುತ್ತೆ," ಎಂದ ಅವನು. ಎದುರುವಾದದ ದನಿಯಲ್ಲ, ಗಂಟೆ ಎಷ್ಟಾಯ್ತು ಅಂದರೆ ಹೇಳುವ ಹಾಗೆ. "ಡಾಕ್ಟರಮ್ಮನಿಗೆ ಫೋನ್ ಮಾಡಿದ್ದೀನಿ. ಇನ್ನೊಂದು ಅಚ್ಚು ತೆಗೆದು ಕಳಿಸ್ತಾರಂತೆ."

ಪುಟ್ಟಿಗೆ ಮೈಯೆಲ್ಲ ಉರಿಯಿತು. ಇವನ್ಯಾರು ನನಗೆ ಕೆಲಸ ಕಲಿಸೋಕೆ... ಅಂದುಕೊಂಡಳು. ಆದರೆ ಆ ಉರಿಯ ಅಡಿಯಲ್ಲೇ ಇನ್ನೇನೋ ಒಂದು ಕದಲಿತು. ಅದಕ್ಕೆ ಅವಳು ಹೆಸರಿಡಲಿಲ್ಲ.

ಅದು ಕಟ್ಟುಹಲ್ಲಿನ ಲ್ಯಾಬು. ಬೊಚ್ಚುಬಾಯಿಯವರ ಒಸಡಿನ ಅಚ್ಚು ತೆಗೆದು ಡಾಕ್ಟರಮ್ಮ ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡುವುದು ಹೊಸಬನ ಕೆಲಸ. ಆ ದವಡೆಯ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸುವುದು ಪುಟ್ಟಿಯದು. ಆಮೇಲೆ ಮತ್ತೆ ಅವನ ಕೈಗೆ ಹೋಗಿ, ಮೇಣ ಕರಗಿಸಿ, ಆ ಜಾಗಕ್ಕೆ ಗುಲಾಬಿ ಬಣ್ಣದ ಮಿಶ್ರಣ ತುಂಬಿ, ಪ್ರೆಸ್ಸಿನಲ್ಲಿ ಒತ್ತಿದರೆ ಸೆಟ್ ತಯಾರು.

ಲ್ಯಾಬು ಅವಳ ಭಾವನದು. ಮನೆ ಅದರ ಮೇಲೆಯೇ. ಬೆಳಿಗ್ಗೆ ಹದಿನಾಲ್ಕು ಮೆಟ್ಟಿಲು ಇಳಿದರೆ ಕೆಲಸ, ಸಂಜೆ ಹದಿನಾಲ್ಕು ಹತ್ತಿದರೆ ಅಡುಗೆಮನೆ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ಅವಳನ್ನು ಕೈಹಿಡಿದು ಕರೆತಂದಾಗ ಅವಳಿಗೆ ಒಂಬತ್ತು. ಈಗ ಇಪ್ಪತ್ತೆಂಟು. ಆ ಮನೆಯಲ್ಲಿ ಅವಳು ಇನ್ನೂ ಪುಟ್ಟಿಯೇ. ಭಾವ ಚರ್ಚಿನ ಸಭೆಯ ಹಿರಿಯರು, ಭಾನುವಾರ ಎದ್ದು ನಿಂತು ದೇವರ ಉಪಕಾರದ ಸಾಕ್ಷಿ ಹೇಳಿದರೆ ಹಿಂದಿನ ಸಾಲಿಗೂ ಕೇಳುವ ಕಂಠ. ಆ ಸಾಕ್ಷಿಯಲ್ಲಿ ಅನಾಥ ನಾದಿನಿಯನ್ನು ಸಾಕಿದ ಕಥೆ ವರ್ಷಕ್ಕೆ ಎರಡು ಸಲವಾದರೂ ಬರುತ್ತಿತ್ತು. ಆಗೆಲ್ಲ ಪುಟ್ಟಿ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು.

ಹೊಸಬನಿಗೆ ಮಾತೇ ಕಮ್ಮಿ. ಅದಕ್ಕೇ ಪುಟ್ಟಿ ಅವನಿಗೆ "ಗುಮ್ಮ" ಅಂತ ಹೆಸರಿಟ್ಟಳು. ಲ್ಯಾಬಿಗೆಲ್ಲ ಅದೇ ಹೆಸರಾಯಿತು. ಅವನೂ ಓಗೊಡುತ್ತಿದ್ದ. ಪ್ಲಾಸ್ಟರ್ ಕಲೆಸುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ.

"ಪ್ಲಾಸ್ಟರಿಗೂ ಪ್ರಾರ್ಥನೇನಾ?" ಅಂತ ಒಮ್ಮೆ ಕೆಣಕಿದಳು.

"ಪ್ಲಾಸ್ಟರಿಗಲ್ಲ. ಇದನ್ನ ಹಾಕ್ಕೊಂಡು ಊಟ ಮಾಡೋರಿಗೆ."

ಅವತ್ತಿನಿಂದ ಪುಟ್ಟಿ ಕೆಣಕಲಿಲ್ಲ. ಮಧ್ಯಾಹ್ನ ಚಹಾ ಬಂದಾಗ ಅವನ ಲೋಟದ ಮೇಲೆ ತಟ್ಟೆ ಮುಚ್ಚಿಡತೊಡಗಿದಳು, ಪ್ಲಾಸ್ಟರ್ ಧೂಳು ಬೀಳದಿರಲಿ ಅಂತ. ಧೂಳಿನ ನೆಪ ನಮಗೆ ಬೇಡ ಬಿಡಿ, ಎಲ್ಲರ ಲೋಟಕ್ಕೂ ಧೂಳು ಬೀಳುತ್ತಿತ್ತು.

ಒಂದು ಶುಕ್ರವಾರ ಅವನು ಅವಳ ಮೇಜಿನ ಮುಂದೆ ನಿಂತ. ಅವಳು ಒಬ್ಬ ಅಜ್ಜಿಯ ಸೆಟ್ ಮುಗಿಸುತ್ತಿದ್ದಳು.

"ಹಾಕ್ಕೊಳ್ಳೋ ಮುಂಚೆನೇ ನಗ್ತಾ ಇದೆ, ನೀವು ಜೋಡಿಸಿರೋ ಹಲ್ಲು," ಎಂದ. ಅಷ್ಟೇ. ಹೋದ.

ಹುಡುಗಿಯ ಕಾಲು ನೆಲಕ್ಕೆ ತಾಗಲಿಲ್ಲ ಅವತ್ತು.

ಅಲ್ಲೇ ಆಗಿದ್ದು ಎಡವಟ್ಟು.

ಹಲ್ಲು ಜೋಡಿಸುವಾಗ ಎರಡೂ ದವಡೆಗಳನ್ನು ಬಾಯಿಯ ಹಾಗೆ ತೆರೆದು ಮುಚ್ಚುವ ಕಬ್ಬಿಣದ ಚೌಕಟ್ಟಿಗೆ ಕೂರಿಸುತ್ತಾರೆ. ಅದರ ಮುಂದೊಂದು ಪಿನ್ನು. ದವಡೆಗಳ ನಡುವೆ ಎಷ್ಟು ಅಂತರ ಅಂತ ಹೇಳುವುದು ಅದರ ಮೇಲಿನ ಗೆರೆ. ಮೇಣ ಬಿಸಿ ಇರುವಾಗ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿ ಕೆಡದಿರಲಿ ಅಂತ ಪುಟ್ಟಿ ಪಿನ್ನನ್ನು ಎರಡು ಗೆರೆ ಏರಿಸಿಕೊಳ್ಳುತ್ತಿದ್ದಳು. ಅವಳದೇ ಉಪಾಯ, ಯಾರೂ ಕಲಿಸಿದ್ದಲ್ಲ. ಕೊನೆಗೆ ಇಳಿಸಿ, ಮೇಲಿನ ಕೆಳಗಿನ ಹಲ್ಲಿನ ಕಚ್ಚು ಸರಿಯಾಗಿ ಕೂರಿಸಿ ಕೊಡಬೇಕು.

ಅವತ್ತು ಇಳಿಸಲಿಲ್ಲ.

ಸೋಮವಾರ ಇನ್ನೊಂದು ಕೆಲಸಕ್ಕೆ ಚೌಕಟ್ಟು ಎತ್ತಿಕೊಂಡಾಗ ಪಿನ್ನು ಎರಡು ಗೆರೆ ಮೇಲೇ ಇತ್ತು. ಅಷ್ಟರಲ್ಲಿ ಅಜ್ಜಿಯ ಸೆಟ್ ಒತ್ತಿ, ಪಾಲಿಶ್ ಆಗಿ, ಕ್ಲಿನಿಕ್ ಸೇರಿತ್ತು. ಆಮೇಲೆ ಏರಿಸಿರಬೇಕು... ಮುಗಿಸಿದ ಮೇಲೆ ಸುಮ್ಮನೆ ತಿರುಗಿಸಿರಬೇಕು... ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮುಂದಿನ ಸೋಮವಾರ ಸೆಟ್ ವಾಪಸ್ ಬಂತು. ಅಜ್ಜಿಗೆ ತುಟಿ ಮುಚ್ಚಲು ಆಗುತ್ತಿಲ್ಲ, ದವಡೆ ನೋವಿನಿಂದ ಅನ್ನ ಅಗಿಯಲು ಆಗುತ್ತಿಲ್ಲ. ಕಾರಣ ಬರೆದು ಸಹಿ ಮಾಡಿ ಕಳಿಸಿ ಅಂತ ಡಾಕ್ಟರಮ್ಮ ಚೀಟಿ ಇಟ್ಟಿದ್ದರು.

ಈ ದೋಷ ಎರಡು ಕಡೆಯಿಂದ ಬರಬಹುದು. ಪಿನ್ನು ಏರಿದ್ದು ಹಲ್ಲು ಎತ್ತರ ಕೂತರೆ ಬರುತ್ತದೆ. ಪ್ರೆಸ್ ಪೂರ್ತಿ ಬಿಗಿಯದೆ ಸೆಟ್ ದಪ್ಪ ಆದರೂ ಬರುತ್ತದೆ. ಪಿನ್ನಿನ ವಿಷಯ ಪುಟ್ಟಿಗೆ ಮಾತ್ರ ಗೊತ್ತು. ಹಾಗಾಗಿ ಎಲ್ಲರೂ ಪ್ರೆಸ್ಸಿನ ಕಡೆ ನೋಡಿದರು.

"ಸರಿಯಾಗಿ ಬಿಗಿದಿದ್ದೆಯೇನಪ್ಪಾ?" ಭಾವ ಗುಮ್ಮನನ್ನು ಕೇಳಿದರು.

"ಬಿಗಿದಿದ್ದೆ ಅಂತ ನೆನಪು. ಆದರೆ ಆಣೆ ಇಟ್ಟು ಹೇಳಲಾರೆ."

ಬುದ್ಧಿ ಇರುವವನು ಹೀಗೆ ಹೇಳುತ್ತಾನೆಯೇ? ನಿಜ ಹೇಳಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ಶನಿವಾರದ ತನಕ ಇದ್ದು ಹೋಗು ಎಂದರು ಭಾವ.

ಪುಟ್ಟಿ ಮೆಟ್ಟಿಲು ಹತ್ತಿ ಓಡಿ ಅಕ್ಕನ ಮುಂದೆ ಎಲ್ಲ ಒದರಿದಳು. ಅಕ್ಕ ಕೈಲಿದ್ದ ಪಾತ್ರೆ ಕೆಳಗಿಟ್ಟಳು. "ನನಗೆ ಹೇಳಿದ್ದು ಸಾಕು, ಇನ್ಯಾರಿಗೂ ಹೇಳಬೇಡ," ಅಂದಳು. ಅಂದವಳು ಹತ್ತು ನಿಮಿಷದಲ್ಲಿ ತಾನೇ ಗಂಡನಿಗೆ ಹೇಳಿದಳು.

ಭಾವ ಚೀಟಿ ಹಿಡಿದುಕೊಂಡೇ ಬಂದರು. "ಪುಟ್ಟಿ, ಡಾಕ್ಟರಮ್ಮ ಕೆಲಸ ಕೊಡೋದು ನಿನ್ನ ಕೈ ನೋಡಿ. ಆ ಕೈಗೆ ಮಸಿ ಹತ್ತಿದರೆ ನಾಳೆಯಿಂದ ಈ ಬಾಗಿಲಿಗೆ ಒಂದು ಅಚ್ಚೂ ಬರಲ್ಲ. ಪ್ರೆಸ್ ದೋಷ ಅಂತ ಬರೆ."

"ಅದು ಸುಳ್ಳಲ್ವಾ ಭಾವ?"

"ದೇವರು ಕ್ಷಮಿಸುವವನು. ಆ ಹುಡುಗ ಒಂಟಿ ಜೀವ, ಎಲ್ಲಿ ಬೇಕಾದರೂ ಬದುಕ್ತಾನೆ. ಕರ್ತನು ಅವನಿಗೆ ಇನ್ನೊಂದು ಬಾಗಿಲು ತೆರೀತಾನೆ." ಪೆನ್ನು ಅವಳ ಕೈಗೆ ಇಟ್ಟರು. "ಹತ್ತೊಂಬತ್ತು ವರ್ಷ ನಿನ್ನನ್ನ ನಾವು ಬೇರೆಯವಳು ಅಂತ ನೋಡಿಲ್ಲ. ಬರೆ."

ಅತ್ತ ದರಿ, ಇತ್ತ ಪುಲಿ. ಪುಟ್ಟಿ ಬರೆದಳು. ಸಹಿಯನ್ನೂ ಮಾಡಿದಳು.

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಸತ್ಯ ಗಂಟಲಲ್ಲಿ ಬಿಸಿ ತುಪ್ಪದ ಹಾಗೆ ಕೂತಿತ್ತು, ನುಂಗೋಕೂ ಆಗದು, ಉಗುಳೋಕೂ ಆಗದು. ಕೆಳಗಿದ್ದರೆ ಅವನ ಬೆನ್ನು ಕಾಣುತ್ತಿತ್ತು, ಮೇಲಿದ್ದರೆ ಭಾವನ ಮುಖ. ಹೇಳಿದರೆ ಮನೆ ಹೋಗುತ್ತೆ. ಹೇಳದಿದ್ದರೆ ಅವನು ಹೋಗ್ತಾನೆ. ದೇವರೇ, ನನಗೆ ಎಲ್ಲಿ ಜಾಗ?

ಗುರುವಾರ ಚಹಾದ ಹೊತ್ತಿಗೆ ಅವನೇ ಬಂದ.

"ಗೋಡೌನಿನಲ್ಲಿ ಮೂಟೆ ಎಣಿಸೋ ಕೆಲಸ ಸಿಕ್ಕಿದೆ. ಸೋಮವಾರದಿಂದ," ಎಂದ.

"ಮೂಟೆ ಎಣಿಸೋದಾ? ಬೇರೆ ಲ್ಯಾಬಿಲ್ವಾ?"

"ಈ ಕೆಲಸ ಇನ್ನು ಬೇಡ." ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. "ಬಿಗಿದಿದ್ದೆ ಅಂತಲೇ ನನ್ನ ಮನಸ್ಸು ಹೇಳ್ತಿತ್ತು. ಆಮೇಲೆ ಚೀಟೀಲಿ ನಿಮ್ಮ ಅಕ್ಷರ ನೋಡಿದೆ. ನೀವು ಬರೆದಿದ್ದೀರಿ ಅಂದಮೇಲೆ ನಿಜವೇ ಇರಬೇಕು. ನನ್ನ ಕೈ ನನಗೇ ಸುಳ್ಳು ಹೇಳಿದರೆ, ಇನ್ನೊಬ್ಬರ ಬಾಯಿಗೆ ಹೇಗೆ ಹಲ್ಲು ಮಾಡಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇವನು ನಂಬಿದ್ದ. ತನ್ನ ಕೈಗಿಂತ ಹೆಚ್ಚು ಅವಳ ಸಹಿಯನ್ನು ನಂಬಿದ್ದ... ಅವಳು ಎದ್ದು ಹೋದಳು. ಅವಳಿಗೂ ತಾನು ದೂರವಾದೆ ಅಂದುಕೊಂಡ ಅವನು, ಪಾಪ.

ಸಂಜೆ ಏಳಕ್ಕೆ ಮನೆಯ ಪ್ರಾರ್ಥನೆ. ಭಾವ, ಅಕ್ಕ, ಪುಟ್ಟಿ ಮೊಣಕಾಲೂರಿದರು.

"ಇವತ್ತು ಪುಟ್ಟಿ ಪ್ರಾರ್ಥನೆ ಮಾಡಲಿ," ಎಂದರು ಭಾವ.

ಪುಟ್ಟಿ ಕಣ್ಣು ಮುಚ್ಚಿದಳು. ಕಲಿತ ಮಾತೆಲ್ಲ ಮರೆತುಹೋಗಿತ್ತು. "ಕರ್ತನೇ, ನಾನು ಪಿನ್ನು ಇಳಿಸಲಿಲ್ಲ. ತಪ್ಪು ನನ್ನದು. ಒಬ್ಬ ಒಳ್ಳೆಯವನ ಮೇಲೆ ಸುಳ್ಳು ಬರೆದು ಸಹಿ..."

"ಆಮೆನ್," ಎಂದರು ಭಾವ.

"ನನ್ನ ಪ್ರಾರ್ಥನೆ ಇನ್ನೂ ಮುಗಿದಿಲ್ಲ ಭಾವ."

ಪುಟ್ಟಿ ಕಣ್ಣು ತೆರೆಯದೆ ಮುಂದುವರಿಸಿದಳು. "ಇಷ್ಟು ದಿನ ಈ ಮನೇನೇ ನನ್ನನ್ನ ಕಾಯ್ತಿರೋದು ಅಂದುಕೊಂಡಿದ್ದೆ. ಕಾಯ್ತಿದ್ದವನು ನೀನು. ನಾಳೆ ಕ್ಲಿನಿಕ್ಕಿಗೆ ಹೋಗಿ ನಿಜ ಹೇಳ್ತೀನಿ. ಆಮೇಲೆ ನಾನು ಎಲ್ಲಿರಬೇಕು ಅನ್ನೋದನ್ನ ನೀನೇ ನೋಡಿಕೋ. ನನಗೆ ತುಂಬಾ ಭಯ ಆಗ್ತಿದೆ. ಆಮೆನ್."

"ಹೋದರೆ ಮತ್ತೆ ಈ ಮೆಟ್ಟಿಲು ಹತ್ತಬೇಡ," ಎಂದು ಭಾವ ಎದ್ದರು.

ಬೆಳಿಗ್ಗೆ ಅಕ್ಕ ಬಾಗಿಲ ಬಳಿ ಬಟ್ಟೆಯ ಚೀಲ ಇಟ್ಟುಕೊಂಡು ನಿಂತಿದ್ದಳು. ಕಣ್ಣು ಊದಿತ್ತು. "ನಾನೂ ನಿನ್ನ ಹಾಗೆ ಒಂದು ಸಲವಾದರೂ ಬಾಯಿ ಬಿಟ್ಟಿದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸಿ, ಚೀಲವನ್ನು ತಂಗಿಯ ಹೆಗಲಿಗೆ ಹಾಕಿದಳು.

ಪುಟ್ಟಿ ಮೊದಲು ಪ್ರೆಸ್ಸಿನ ಹತ್ತಿರ ಹೋದಳು.

"ನಿಮ್ಮ ಕೈ ತಪ್ಪು ಮಾಡಿಲ್ಲ. ಪಿನ್ನು ಏರಿಸಿ ಇಳಿಸದೆ ಬಿಟ್ಟವಳು ನಾನು. ಗೊತ್ತಿದ್ದೇ ಚೀಟಿ ಬರೆದೆ."

ಅವನ ಮುಖ ಕೆಂಪೇರಿತು. "ನಾಲ್ಕು ದಿನ," ಎಂದ. "ನಾಲ್ಕು ದಿನ ನನ್ನ ಕೈಯನ್ನ ನಾನೇ ಬೈಕೊಂಡೆ. ನೀವು ಇಲ್ಲೇ ಕೂತು ನೋಡ್ತಿದ್ರಿ."

"ಹೌದು."

ಅವನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಗೆ ಹೋದ. ಪುಟ್ಟಿ ಅವನ ಹಿಂದೆ ಹೋಗಲಿಲ್ಲ. ಚೀಲ ಹೊತ್ತು ಒಬ್ಬಳೇ ಕ್ಲಿನಿಕ್ಕಿಗೆ ನಡೆದಳು.

ಡಾಕ್ಟರಮ್ಮ ಪೂರ್ತಿ ಕೇಳಿದರು. ಕುರ್ಚಿಯಲ್ಲಿ ಆ ಅಜ್ಜಿಯೂ ಕೂತಿದ್ದರು. ಪುಟ್ಟಿ ಅವರ ಮುಂದೆ ಕೈಮುಗಿದಳು. "ನನ್ನಿಂದ ನಿಮಗೆ ನೋವಾಯ್ತು ಅಜ್ಜಿ. ಕ್ಷಮಿಸಿ."

"ನೋವು ಇರಲಿ ಕಣೇ," ಎಂದರು ಅಜ್ಜಿ, ಬೊಚ್ಚುಬಾಯಲ್ಲಿ. "ಬಾಯಿ ಮುಚ್ಚಿ ಅತ್ತೆ ಅಂತ ಸೊಸೆ ಹೇಳಿದಾಗ, ನಿಜವಾಗ್ಲೂ ಆಗಲ್ಲಮ್ಮ ಅಂತ ಹೇಳೋ ಭಾಗ್ಯ ಸಿಕ್ತು. ಬೇಗ ಸರಿ ಮಾಡಿಕೊಡು."

ಡಾಕ್ಟರಮ್ಮ ನಗಲಿಲ್ಲ. "ಪಿನ್ನು ಯಾರು ಬೇಕಾದರೂ ಮರೀತಾರೆ. ಸಹಿ ಹಾಗಲ್ಲ," ಎಂದರು. ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದರು. ಪ್ರೆಸ್ಸಿನವನು ಕೆಲಸದಲ್ಲಿ ಇರಬೇಕು. ಇವಳೂ ಇರಬೇಕು. ಇನ್ನು ಇವಳು ಜೋಡಿಸಿದ ಪ್ರತಿ ಸೆಟ್ಟನ್ನೂ ಅವನು ನೋಡಿ ಸಹಿ ಮಾಡಿದರೆ ಮಾತ್ರ ಅಚ್ಚು ಕಳಿಸುತ್ತೇನೆ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಭಾವ ಹೂಂ ಅನ್ನಲೇಬೇಕಾಯಿತು. ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಪುಟ್ಟಿ ಎರಡು ಬೀದಿ ಆಚೆ ಮಹಿಳಾ ಹಾಸ್ಟೆಲಿನಲ್ಲಿ ಒಂದು ಮಂಚದಷ್ಟು ಜಾಗ ಹಿಡಿದಳು. ಮೊದಲ ದಿನ ಅಲ್ಲಿ ಮಲಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದಳು.

ಗೋಡೌನಿಗೆ ಹೋಗದೆ ಲ್ಯಾಬಿಗೇ ವಾಪಸಾದ ಗುಮ್ಮ ಮೂರು ವಾರ ದಿನವೂ ಅವಳ ಮೇಜಿಗೆ ಬಂದ. ಪಿನ್ನು ನೋಡಿದ, ಕಚ್ಚು ನೋಡಿದ, "ಸರಿ ಇದೆ" ಎಂದ, ಸಹಿ ಮಾಡಿದ, ಹೋದ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಪುಟ್ಟಿ ಬೇಡಿಕೊಳ್ಳಲೂ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಕೆಲಸ ಮಾಡಿದಳು. ಒಳಗೊಳಗೇ ಮಾತ್ರ... ಇಷ್ಟೇನಾ ಇನ್ನು, ಜೀವನಪೂರ್ತಿ ಬರೀ "ಸರಿ ಇದೆ"ನಾ?

ನಾಲ್ಕನೇ ವಾರದ ಒಂದು ಮಧ್ಯಾಹ್ನ ಅವನು ಸೆಟ್ ನೋಡಿ ಕೆಳಗಿಟ್ಟ. ಸಹಿ ಮಾಡಲಿಲ್ಲ.

"ಏನಾಯ್ತು? ತಪ್ಪಿದೆಯಾ?" ಅವಳು ಪಿನ್ನಿನ ಕಡೆ ನೋಡಿದಳು.

"ಇದರಲ್ಲಿ ತಪ್ಪಿಲ್ಲ. ನನಗೆ ನಿಮ್ಮ ಮೇಲೆ ಕೋಪ ಇನ್ನೂ ಪೂರ್ತಿ ಹೋಗಿಲ್ಲ."

"ಗೊತ್ತು."

"ದಿನಾ ಪ್ರಾರ್ಥನೆ ಮಾಡ್ತೀನಿ. ಸ್ವಲ್ಪ ಸ್ವಲ್ಪ ಹೋಗ್ತಿದೆ."

"ನಿಧಾನಕ್ಕೆ ಹೋಗಲಿ. ನಾನು ಕೇಳಲ್ಲ."

ಅವನು ಸ್ಟೂಲ್ ಎಳೆದುಕೊಂಡು ಅವಳೆದುರು ಕೂತ. ಕೈಗೆ ಹತ್ತಿದ್ದ ಪ್ಲಾಸ್ಟರನ್ನು ಉಗುರಿನಿಂದ ಕೆರೆದ. "ನನ್ನನ್ನ ಮದುವೆ ಆಗ್ತೀರಾ?"

ಪುಟ್ಟಿ ಕೈಲಿದ್ದ ಮೇಣ ಕೆಳಗಿಟ್ಟಳು.

"ಕೋಪ ಇದ್ದಾಗ ಯಾರಾದರೂ ಇದನ್ನ ಕೇಳ್ತಾರಾ?"

"ಅದು ಹೋದ ಮೇಲೆ ಕೇಳಿದರೆ, ಕ್ಷಮಿಸಿ ಉದ್ಧಾರ ಮಾಡಿದ ಅಂತ ನಿಮಗೆ ಅನ್ನಿಸುತ್ತೆ. ಇನ್ನೊಬ್ಬರ ಋಣದಲ್ಲಿ ಇನ್ನೊಂದು ಮನೇಲಿ ನೀವು ಇರೋದು ಬೇಡ." ಅವನು ತಲೆಯೆತ್ತಿದ. "ಮನೆ ಹೋಗುತ್ತೆ ಅಂತ ಗೊತ್ತಿದ್ದೂ ಮೆಟ್ಟಿಲು ಇಳಿದು ಬಂದು ನನ್ನ ಕೈ ನನಗೆ ವಾಪಸ್ ಕೊಟ್ರಿ. ಅಂಥವರ ಜೊತೆ ಕೋಪ ಮಾಡ್ಕೊಂಡಾದರೂ ಬದುಕಬಹುದು."

ಅವಳ ಕಣ್ಣು ತುಂಬಿ ಮೇಜು, ಮೇಣ, ಅವನ ಮುಖ ಎಲ್ಲ ಮಸುಕಾಯಿತು. ಅಳುತ್ತಲೇ ನಕ್ಕಳು.

"ಆಗ್ತೀನಿ," ಎಂದಳು. "ಆದರೆ ಒಂದು ಮಾತು. ಕೋಪ ಬಂದ ದಿನ ಮೂರು ವಾರ ಸುಮ್ಮನಿರೋ ಹಾಗಿಲ್ಲ. ಜಗಳ ಆಡಬೇಕು."

"ನನಗೆ ಬರಲ್ಲ."

"ನಾನು ಕಲಿಸ್ತೀನಿ."