ದನಿ ಹಿಡಿದು

"ಮಿಸ್ ಕಣ್ಣಿಗೂ ಬಟ್ಟೆ ಕಟ್ರಿ ಸರ್!" ಎಂದು ಒಂಬತ್ತನೇ ಕ್ಲಾಸಿನ ಹುಡುಗಿಯರೆಲ್ಲ ಕೂಗಿದಾಗಲೇ ನಾನು ಅಲ್ಲಿಂದ ಕಾಲು ಕೀಳಬೇಕಿತ್ತು. ಕೀಳಲಿಲ್ಲ. ಕಟ್ಟಬೇಕಾದವನು ಶರಣು.

ಸೂಳೆಕೆರೆ ದಂಡೆಯ ಕ್ಯಾಂಪಿನಲ್ಲಿ ಅವನು ಶಾಲೆಯ ಮಕ್ಕಳಿಗೆ ಟೆಂಟ್ ಹಾಕುವುದು, ಕಲ್ಲು ಜೋಡಿಸಿ ಒಲೆ ಹೊತ್ತಿಸುವುದು, ಕುರುಚಲು ಕಾಡಿನಲ್ಲಿ ದಾರಿ ಹುಡುಕುವುದು ಕಲಿಸುತ್ತಾನೆ. ಜಗಳೂರಿನವನು. ನಾನು ಪ್ರಮೀಳಾ, ಹೊನ್ನಾಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೋದ ವರ್ಷ ಮಕ್ಕಳನ್ನು ಇಲ್ಲಿಗೆ ಕರೆತಂದಾಗ, ಒಲೆ ಊದಿ ಊದಿ ಮುಖಕ್ಕೆಲ್ಲ ಮಸಿ ಮಾಡಿಕೊಂಡಿದ್ದ ನನ್ನನ್ನು ನೋಡಿ, "ಚೆಂದ ಕಾಣ್ತೀರಿ ಮೇಡಂ" ಎಂದಿದ್ದ. ತಮಾಷೆಗೆ ಅಂದದ್ದು. ಪೆದ್ದಿ ನಾನು, ಅದನ್ನು ವರ್ಷವಿಡೀ ಎದೆಯಲ್ಲಿಟ್ಟುಕೊಂಡು ತಿರುಗಿದೆ.

ಈ ಸಲ ಬರುವಷ್ಟರಲ್ಲಿ ಅಪ್ಪ ಶಿವಮೊಗ್ಗದ ಕಡೆ ಒಂದು ಗಂಡು ಗೊತ್ತು ಮಾಡಿದ್ದರು. ಭಾನುವಾರ ಹೆಣ್ಣು ನೋಡಲು ಬರುತ್ತಾರೆ. "ನೋಡೋದು ನೆಪಕ್ಕೆ, ಒಪ್ಪಿಗೆ ಆದಂಗೇ" ಎಂದು ಅವ್ವ ಸೀರೆಗೆ ಫಾಲ್ ಹಚ್ಚಿಸಿಟ್ಟಿದ್ದಳು. ಬೇಡ ಎನ್ನಲು ನನ್ನ ಹತ್ತಿರ ಕಾರಣವಾದರೂ ಏನಿತ್ತು? ಯಾರೋ ಆಡಿದ ಒಂದು ತಮಾಷೆ. ಅದನ್ನು ಅಪ್ಪನ ಮುಂದೆ ಹೇಳಲಾಗುತ್ತದೆಯೇ?

ಶರಣು ಹಿಂದೆ ನಿಂತು ಟವೆಲ್ ಕಟ್ಟಿದ. ಬೆರಳು ನನ್ನ ಕೂದಲಿಗೂ ತಾಗದಂತೆ ಎಷ್ಟು ಜೋಪಾನ ಮಾಡಿದನೆಂದರೆ, ನನಗೆ ಸಿಟ್ಟೇ ಬಂತು.

"ಆಟದ ರೂಲ್ ಗೊತ್ತೈತಲ್ಲ ಮೇಡಂ? ನಾನು ಮುಟ್ಟಂಗಿಲ್ಲ, ನೀವು ಕಣ್ಣಿನ ಪಟ್ಟಿ ಬಿಚ್ಚಂಗಿಲ್ಲ. ನನ್ನ ದನಿ ಹಿಡ್ಕೊಂಡು ಬರ್ರಿ, ಸಾಕು."

"ಬಿದ್ರೆ?"

"ಎತ್ತಾಕೆ ರೂಲ್ ಅಡ್ಡ ಬರಲ್ಲ ಬಿಡ್ರಿ."

ಹುಡುಗಿಯರು ಕಿಸಕ್ಕೆಂದರು.

"ಎಡಕ್ಕೆ ಬರ್ರಿ... ಕಲ್ಲೈತೆ, ಕಾಲೆತ್ತಿಡ್ರಿ... ಹಂಗೇ, ಹಂಗೇ."

ಇಡೀ ಕ್ಲಾಸನ್ನು ಕಣ್ಣಲ್ಲೇ ಹೆದರಿಸುವವಳು ಇಲ್ಲಿ ಹೆಜ್ಜೆ ಹೆಜ್ಜೆಗೂ ಒಬ್ಬನ ಮಾತಿಗೆ ಕಾಯುತ್ತಿದ್ದೆ. ಹೀಗೇ ಜಗಳೂರಿನವರೆಗೂ ನಡೆಸಿದ್ದರೆ ಹೋಗಿಯೇ ಬಿಡುತ್ತಿದ್ದೆನೇನೋ.

ಅಷ್ಟರಲ್ಲಿ ನಮ್ಮ ಬೀದಿಯ ಸುಚಿತ್ರಾ, ಬಾಯಿಗೆ ಬೀಗವಿಲ್ಲದ ಹುಡುಗಿ, "ಸರ್, ಹುಷಾರು! ಭಾನುವಾರ ಮಿಸ್‌ನ ನೋಡಾಕೆ ಬರ್ತಾರೆ. ಕಾಲು ಉಳುಕಿದ್ರೆ ಗಂಡಿನೋರು ಒಪ್ಪಂಗಿಲ್ಲ!" ಎಂದಳು.

ದನಿ ನಿಂತುಹೋಯಿತು.

ಕಾದೆ. ತರಗೆಲೆಯ ಮೇಲೆ ಯಾರದೋ ಚಪ್ಪಲಿ ಸದ್ದು, ಕೆರೆಯ ಗಾಳಿ, ಅಷ್ಟೇ. ಎಡಕ್ಕೋ ಬಲಕ್ಕೋ ಹೇಳುವವರಿಲ್ಲ. ಹೊರಟೇಹೋದನೇ? ಎರಡೂ ಕೈ ಮುಂದೆ ಚಾಚಿ, "ರೀ!" ಎಂದೆ.

ಶರಣು ಎನ್ನಲಿಲ್ಲ, ಸರ್ ಎನ್ನಲಿಲ್ಲ. ಬರೀ "ರೀ". ಅವ್ವ ಅಡುಗೆಮನೆಯಿಂದ ಅಪ್ಪನನ್ನು ಕರೆಯುವ ಹಾಗೆ. ಹುಡುಗಿಯರು ಹೋ ಎಂದು ಕೂಗಿದರು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಇಲ್ಲೇ ಅದೀನ್ರೀ" ಎಂದಿತು ದನಿ, ತೀರಾ ಹತ್ತಿರದಿಂದ. ಆಮೇಲೆ ಮಕ್ಕಳಿಗೆ, "ಎಲ್ರೂ ಟೆಂಟಿಗೆ ಓಡ್ರಿ, ಮಂಡಕ್ಕಿ ರೆಡಿ ಐತೆ."

ಗದ್ದಲ ದೂರವಾಯಿತು. ನನ್ನ ಕೈ ಟವೆಲ್ಲಿಗೆ ಹೋಯಿತು.

"ಬಿಚ್ಚಬ್ಯಾಡ್ರಿ ಮೇಡಂ. ನೀವು ನೋಡಿದ್ರೆ ನಂಗೆ ಮಾತು ಹೊರಡಂಗಿಲ್ಲ." ಉಸಿರೆಳೆದುಕೊಂಡ. "ಹೋದ ವರ್ಷಾನೇ ಹೇಳ್ಬೇಕಿತ್ತು. ನೀವು ದೊಡ್ಡ ಮನೆಯೋರು, ನಾನು ಹಗ್ಗ ಹೊತ್ಕೊಂಡು ಕಾಡು ತಿರುಗೋನು. ಹೆಂಗೆ ಕೇಳ್ಲಿ? ಈಗ ಕೇಳಾಕೂ ತಡ ಆಗೈತೆ. ಭಾನುವಾರ ಅಂದ್ರೆ..."

ನನಗೂ ಭಯವೇ. ಅಪ್ಪನ ಸಿಟ್ಟು, ಅವ್ವನ ಕಣ್ಣೀರು ಎರಡೂ ನನಗೆ ಗೊತ್ತು. ಆದರೆ ಅವನು ಇನ್ನೊಮ್ಮೆ ಸುಮ್ಮನಾಗಿಬಿಟ್ಟರೆ ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಅವನನ್ನು ನಾನು ಅಷ್ಟು ಪ್ರೀತಿಸುತ್ತಿದ್ದೆ.

"ಅವರು ಬರೋದು ಭಾನುವಾರ" ಎಂದೆ. "ನೀವು ನಿಮ್ಮ ಅವ್ವನ್ನ ಕರ್ಕೊಂಡು ಶನಿವಾರಾನೇ ಬರ್ರಿ."