ಅನ್ನಮ್ಮನ ಮನೆಯ ಹಾಲು

ಇದು ನಡುರಾತ್ರಿಯ ಮಾತಲ್ಲ, ಬೆಳಗಿನ ಬಿಸಿಲಲ್ಲಿ ಕಣ್ಣಾರೆ ಕಂಡದ್ದು. ಬೇಗಂಪೇಟೆಯ ರೈಲು ಹಳಿ ಪಕ್ಕದ ನಮ್ಮ ಜೋಪಡಿಗಳನ್ನು ಕೆಡವಿದವರು, ವರ್ಷದೊಳಗೆ ಪಕ್ಕಾ ಮನೆ ಕೊಡುತ್ತೇವೆಂದಿದ್ದರು. ಮನೆಗಳೇನೋ ಎದ್ದವು, ಆ ಗೋಡೆಗಳಿಗೆ ಗಿಲಾವು ಮಾಡಿದವರಲ್ಲಿ ನಾನೂ ಒಬ್ಬ. ಉದ್ಘಾಟನೆಗೆ ದೊಡ್ಡವರಿಗೆ ಪುರುಸೊತ್ತಾಗದೆ ವರ್ಷಗಟ್ಟಲೆ ಬೀಗ ಬಿದ್ದಿತ್ತು.

"ಹಾಲು ಮೊದಲ ನನ್ನ ಮನ್ಯಾಗ ಉಕ್ಕಬೇಕು, ನೋಡವಾ," ಎಂದು ನೆರೆಯ ಅನ್ನಮ್ಮ ನನ್ನ ಹೆಂಡತಿ ಸುವರ್ಣಾಳಿಗೆ ಹೇಳುತ್ತಿದ್ದಳು. ಕಾದು ಕಾದು ಫುಟ್‌ಪಾತಿನ ತಾಡಪತ್ರಿಯ ಕೆಳಗೇ ಸತ್ತಳು.

ಕೊನೆಗೂ ನಮಗೆ ಕೀಲಿ ಸಿಕ್ಕಿತು. ಸುವರ್ಣಾ ಹಾಲು ಉಕ್ಕಿಸಲು ಒಲೆ ಹಚ್ಚಿದಳು. ಉರಿ ಜೋರಾಗಿಯೇ ಇತ್ತು, ಎಷ್ಟು ಹೊತ್ತಾದರೂ ಹಾಲು ಕಾಯಲಿಲ್ಲ. ಬೆರಳದ್ದಿದೆ, ಕೊರೆಯುವಷ್ಟು ತಣ್ಣಗಿತ್ತು.

"ಏನ್ರಿ, ಹಾಲು ಸೀದ ವಾಸನಿ ಬರಾಕತ್ತೈತಿ," ಎಂದಳು.

ವಾಸನೆ ಬರುತ್ತಿದ್ದದ್ದು ಅನ್ನಮ್ಮನ ಹೆಸರಿಗೆ ಗೊತ್ತು ಮಾಡಿದ್ದ ಪಕ್ಕದ ಮನೆಯಿಂದ. ಅದಕ್ಕೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ನಾವು ಹೋಗಿ ನಿಂತಾಗ ಬಾಗಿಲ ಕೆಳಗಿನಿಂದ ಹಾಲು ಹರಿದು ಬಂದು ನನ್ನ ಅಂಗಾಲು ಸುಟ್ಟಿತು.

ವಾಚ್‌ಮನ್ ಗೊಲ್ಲಾಳಪ್ಪ ಬಂದು ಬೀಗ ತೆಗೆದ. ಒಳಗೆ ಒಲೆಯಿಲ್ಲ, ಪಾತ್ರೆಯಿಲ್ಲ. ಹೊಸ್ತಿಲವರೆಗೂ ಒಣ ಧೂಳು. ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ.

"ಖಾಲಿ ಐತ್ರಿ," ಎಂದ. "ಆ ಮುದುಕಿ ಸತ್ತಳಂತ ಬ್ಯಾರೇದವರಿಗೆ ಕೊಟ್ಟಾರ. ನಾಳೆ ಬರ್ತಾರ."

ನಾವು ಮರಳಿದಾಗ ನಮ್ಮ ಒಲೆ ಇನ್ನೂ ಉರಿಯುತ್ತಿತ್ತು. ಒಂದು ಹನಿಯೂ ಹೊರಚೆಲ್ಲಿರಲಿಲ್ಲ. ಪಾತ್ರೆಯಲ್ಲಿ ಹಾಲು ಅರ್ಧಕ್ಕಿಳಿದಿತ್ತು. ಉಳಿದರ್ಧ ಇನ್ನೂ ತಣ್ಣಗಿತ್ತು.