ಆಮ್ರಪಾಲಿಯ ಮುತ್ತು ಮತ್ತು ಅರ್ಧ ಕೊಡ ಹಳೇ ನೀರು

"ಬಾಗಲಾ ತೆಗೀರಿ... ಲಗೂನ ತೆಗೀರಿ!"

ಯಾವ ಬಾಗಿಲನ್ನು ಇನ್ನು ಈ ಜನ್ಮದಲ್ಲಿ ಬಡಿಯುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದಳೋ, ಅದೇ ಬಾಗಿಲನ್ನು ಆಮ್ರಪಾಲಿ ಮೊಣಕೈಯಿಂದ ಗುದ್ದುತ್ತಿದ್ದಳು!

ಬಾಗಿಲು ತೆರೆಯಿತು. ಎದುರುಮನೆಯ ಕುನಾಲ. ಆಗಷ್ಟೇ ತಿಕೋಟಾ ಊರಿನ ಬ್ಯಾಂಕ್ ಕೆಲಸದಿಂದ ಬಂದಿದ್ದ, ಚೀಲ ಇನ್ನೂ ಹೆಗಲಲ್ಲೇ ಇತ್ತು.

"ನಿಮ್ಮ ಕೊಡದಾಗ ಹಳೇ ನೀರು ಐತೇನ್ರಿ?"

ಇಷ್ಟು ದಿನ ಮುಖ ತಿರುಗಿಸಿಕೊಂಡು ಓಡಾಡಿದವಳು ಬಂದು ಕೇಳಿದ್ದು ಇದನ್ನು! ಅವನು ಕಕ್ಕಾಬಿಕ್ಕಿಯಾದ. ಆಮೇಲೆ ಅವಳ ಕೈಯ ಬೋಗುಣಿಯತ್ತ ನೋಡಿದ. ಒದ್ದೆ ಬಟ್ಟೆಯ ಮೇಲೆ ಮುತ್ತು ಮಲಗಿತ್ತು, ಮೈತುಂಬ ಧೂಳು.

ಮುತ್ತು ಎಂದರೆ ಆಮ್ರಪಾಲಿ ಸಾಕಿದ ಆಕ್ಸೊಲಾಟಲ್ ಎಂಬ ಪುಟ್ಟ ಉಭಯಚರ ಪ್ರಾಣಿ. ಗುಲಾಬಿ ಮೈ, ಪುಟ್ಟ ಕಾಲು, ತಲೆಯ ಪಕ್ಕ ಗರಿಯಂಥ ಕಿವಿರು. ನೀರಿನಲ್ಲೇ ಬದುಕುವ ಬಡಪಾಯಿ.

ಜಲನಗರದಲ್ಲಿ ಅವತ್ತು ನಳದ ನೀರು ಬಂದಿತ್ತು. ನಳ ಬಂದರೆ ಗೊತ್ತಲ್ಲ, ಓಣಿಯ ಹೆಂಗಸರೆಲ್ಲ ಹಳೇ ನೀರು ಚೆಲ್ಲಿ, ಕೊಡ ತಿಕ್ಕಿ, ಹೊಸ ನೀರು ತುಂಬುತ್ತಾರೆ. ಆಮ್ರಪಾಲಿಯ ಅವ್ವ ಪರಸವ್ವನೂ ತುಂಬಿದಳು. ಮೂಕ ಜೀವ, ಅದಕ್ಯಾಕೆ ಹಳಸಲು ನೀರು ಎಂದು ಮರುಗಿ ಮಗಳ ಗಾಜಿನ ತೊಟ್ಟಿಗೂ ಕಂಠಮಟ್ಟ ಹೊಸ ನೀರು ಹೊಯ್ದಳು! ನಳದ ಬ್ಲೀಚಿಂಗ್ ಪುಡಿಗೆ ಮೈ ಉರಿದು ಮುತ್ತು ಹೊರಗೆ ಜಿಗಿದಿತ್ತು. ಆಮ್ರಪಾಲಿ ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದಾಗ ಅದು ಕಪಾಟಿನ ಕೆಳಗೆ ಬಿದ್ದಿತ್ತು.

ಅದು ಉಳಿಯಬೇಕಾದರೆ ಎರಡು ಮೂರು ದಿನ ನಿಂತು ವಾಸನೆ ಹೋದ ನೀರು ಬೇಕು. ಫಿಲ್ಟರ್ ನೀರು ಅದಕ್ಕೆ ಒಗ್ಗದು. ಇಡೀ ಓಣಿಯಲ್ಲಿ ಹಳೇ ನೀರಿನ ಹನಿ ಇಲ್ಲ...

ಕುನಾಲನ ಮನೆಯಲ್ಲಿ ಬಿಟ್ಟು.

ನಳ ಬಂದಾಗ ಅವನು ಮನೆಯಲ್ಲಿರುವುದಿಲ್ಲ. ಕೀಲಿ ತೆಗೆದು ಅವನ ಕೊಡ ತುಂಬುತ್ತಿದ್ದವಳು ಆಮ್ರಪಾಲಿಯೇ. ಬಬಲೇಶ್ವರದಲ್ಲಿ ಹೆಣ್ಣು ನೋಡಲು ಹೋಗಿದ್ದ ಅವನ ಫೋಟೋ ಸ್ಟೇಟಸ್ಸಿನಲ್ಲಿ ಕಂಡಾಗಿನಿಂದ ಆ ಕೆಲಸ ನಿಂತಿತ್ತು. 'ಬರೋ ಹೆಂಡ್ತಿ ತುಂಬಲಿ!' ಅವನೇ ರಜೆಯಲ್ಲಿ ಹಿಡಿದಿಟ್ಟ ನೀರನ್ನು ಇವತ್ತು ಚೆಲ್ಲಿ ಹೊಸದು ತುಂಬುವವರು ಇರಲಿಲ್ಲ.

ಕುನಾಲ ಉಳಿದಿದ್ದ ಅರ್ಧ ಕೊಡವನ್ನೇ ಎತ್ತಿಕೊಂಡು ಅವರ ಮನೆಗೆ ಓಡಿದ. ಮುತ್ತುವಿನ ಧೂಳು ತೊಳೆದು, ಅಗಲ ಪ್ಲಾಸ್ಟಿಕ್ ಬುಟ್ಟಿಗೆ ನೀರು ಸುರಿದು ಬಿಟ್ಟರು. ಅದು ಕಲ್ಲಿನಂತೆ ತಳಕ್ಕೆ ಕೂತಿತು.

"ಯವ್ವಾ, ನನ್ನ ಕೈಯಾರೆ ಕೊಂದ್ನಲ್ಲೋ!" ಪರಸವ್ವ ಮೂಲೆಯಲ್ಲಿ ಗೋಳಾಡಿದಳು.

"ಇನ್ನ ಏನ್ ಮಾಡೂದು?" ಕುನಾಲ ಕೇಳಿದ.

"ಏನೂ ಇಲ್ರಿ... ಮುಟ್ಟಬಾರದು, ಕತ್ತಲಿ ಮಾಡಿ ಕಾಯಬೇಕು ಅಷ್ಟ." ಆಮ್ರಪಾಲಿ ಕಿಟಕಿಯ ಪರದೆ ಎಳೆದಳು. "ಉಳೀತದೇನ್ರಿ?"

"ಗೊತ್ತಿಲ್ಲ."

"ಸುಳ್ಳರೆ ಹೇಳ್ರಿ!"

"ನಿಮ್ಮ ಮುಂದ ಸುಳ್ಳು ಬರಂಗಿಲ್ಲ ನನಗ."

ಅವಳಿಗೆ ಉರಿಯಿತು. "ಬಬಲೇಶ್ವರದಾಕಿ ಚಂದ ಇದ್ದಾಳ..."

"ಹೌದು. ನಮ್ಮ ಕಾಕಾನ ಮಗ ಮಿಲಿಂದಗ ಭಾಳ ಮನಸ್ಸಿಗೆ ಬಂದಾಳ. ನಾ ಕಾರು ಹೊಡ್ಯಾಕ ಹೋಗಿದ್ದೆ."

ಆಮ್ರಪಾಲಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಹಂಗಂತ ಹೇಳಬೇಕೋ ಬ್ಯಾಡೋ?"

"ನೀವು ಕೇಳಬೇಕೋ ಬ್ಯಾಡೋ? ಅರ್ಧ ಕೊಡ ನೋಡಿ ನೋಡಿ ನನಗೂ ಸಾಕಾಗಿತ್ತ..."

ಬುಟ್ಟಿಯಲ್ಲಿ ಒಂದು ಕಿವಿರು ಸಣ್ಣಗೆ ಅಲುಗಿತು. ಆಮ್ರಪಾಲಿ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಮತ್ತೆ ಅಲುಗಲಿಲ್ಲ.

ದುಃಖ ಉಕ್ಕಿ ಬಂತು. ಅವ್ವನ ಎದುರಿಗೇ ಅವನ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಪರಸವ್ವ ಎದ್ದು ಒಳಗೆ ಹೋದಳು.

"ನಾ ಇಲ್ಲೇ ಇರ್ತೇನಿ," ಎಂದ ಕುನಾಲ. "ಅದು ಏಳೂ ತನಕ."

"ಏಳಲಿಲ್ಲಂದ್ರ...?"

ಅವನು ಅವಳ ಕಣ್ಣೊರೆಸಿದ.

"ಆಗೂ ಇಲ್ಲೇ ಇರ್ತೇನಿ, ಆಮ್ರಪಾಲಿ."